ತೊಗಟೆಯ ನೆಲ

ಯುಗಾದಿಯ ಬೆಳಿಗ್ಗೆ ಕಾಯಿ ತುರಿಯುವ ಮಣೆ ಕೈಜಾರಿ ಬಿತ್ತು. ಸದ್ದೇ ಆಗಲಿಲ್ಲ. ಕಲ್ಲಿನ ನೆಲವಾಗಿದ್ದರೆ ಮನೆಮಂದಿಯೆಲ್ಲ ಎದ್ದು ಬರುತ್ತಿದ್ದರು. ಬಗ್ಗಿ ನೋಡಿದರೆ ಮಣೆಯ ಹಲ್ಲು ಕಾರ್ಕ್ ನೆಲದಲ್ಲಿ ಅಡಿಕೆ ಗಾತ್ರದ ಗುಳಿ ತೋಡಿತ್ತು.

ಬಾಸ್ಟನ್ ಪಕ್ಕದ ಈ ಹಳೆಯ ಮನೆಯನ್ನು ನಾನು ಒಪ್ಪಿದ್ದೇ ಅಡುಗೆಮನೆಯ ಈ ನೆಲಕ್ಕಾಗಿ. ಹೊರಗೆ ಮಂಡಿಯುದ್ದ ಹಿಮ ಬಿದ್ದಿದ್ದರೂ ಬರಿಗಾಲಿಗೆ ಇದು ಚಳಿ ಹತ್ತಿಸುವುದಿಲ್ಲ. ಒಂದು ಘನ ಸೆಂಟಿಮೀಟರ್ ಕಾರ್ಕಿನಲ್ಲಿ ಸುಮಾರು 4 ಕೋಟಿ ಕೋಶಗಳಂತೆ. ಒಂದೊಂದರ ತುಂಬ ಗಾಳಿ. 1665ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿಜ್ಞಾನಿ ರಾಬರ್ಟ್ ಹುಕ್ 'ಸೆಲ್' ಎಂದು ಕರೆದದ್ದು ಕಾರ್ಕ್ ಎಂಬ ಇದೇ ಮರದ ತೊಗಟೆಯ ಪುಟ್ಟ ಗೂಡುಗಳನ್ನು. ಎರಡು ಗಂಟೆ ನಿಂತು ಹೋಳಿಗೆ ಬೇಯಿಸಿದರೂ ಹಿಮ್ಮಡಿ ನೋಯುವುದಿಲ್ಲವಲ್ಲ, ಅದು ಆ ಗಾಳಿಯ ಉಪಕಾರ.

"ಅಲ್ಲೊಂದು ಚಾಪೆ ಹಾಸಿಬಿಡೇ" ಎಂದರು ಯಜಮಾನರು.

"ಚಾಪೆ ಹಾಸಿದ್ರೆ ಗುಳಿ ಹೋಗತ್ತೇನ್ರೀ?"

ಪಕ್ಕದ ಮನೆಯವರಿಂದ ವೈನ್ ಬಾಟಲಿಯ ಮೂರು ಕಾರ್ಕ್ ಬಿರಡೆ ಕೇಳಿ ತಂದೆ. ಈಗೀಗ ಪ್ಲಾಸ್ಟಿಕ್ಕಿನವೂ ಬರುತ್ತವೆ, ಅವು ಬೇಡ. ಹಳೆಯ ತರಕಾರಿ ತುರಿಮಣೆಯ ಸಣ್ಣ ಕಣ್ಣಿನ ಮೇಲೆ ಮೆಲ್ಲಗೆ ಉಜ್ಜಿದರೆ ಹದವಾಗಿ ಹುರಿದ ರವೆಯಂಥ ಪುಡಿ ಉದುರುತ್ತದೆ. ಅದೇ ಬಣ್ಣ, ಅದೇ ತರಿ. ಗುಳಿಯ ಸುತ್ತ ಟೇಪ್ ಅಂಟಿಸಿ, ಒಳಗಿನ ಸಡಿಲ ಚೂರುಗಳನ್ನು ತೆಗೆದು, ಪುಡಿಗೆ ಪಾಲಿಯುರೆಥೇನ್ ವಾರ್ನಿಷನ್ನು ಹನಿಹನಿಯಾಗಿ ಬೆರೆಸಿದೆ. ಕಡುಬಿನ ಹಿಟ್ಟಿನಷ್ಟು ಗಟ್ಟಿಯಿರಬೇಕು. ನೀರಾದರೆ ಒಣಗಿದ ಮೇಲೆ ತಗ್ಗು ಬೀಳುತ್ತದೆ. ಚಪ್ಪಟೆ ಅಲಗಿನಿಂದ ಒತ್ತಿ ತುಂಬಿ, ನೆಲಕ್ಕಿಂತ ಕೂದಲೆಳೆಯಷ್ಟು ಎತ್ತರ ಬಿಟ್ಟೆ. ಕಿಟಕಿ ತೆರೆದಿಟ್ಟು ಒಂದು ದಿನ ಆ ಕಡೆ ಯಾರೂ ಕಾಲಿಡದಂತೆ ನೋಡಿಕೊಂಡೆ. ಮರುದಿನ ನಯವಾದ ಉಜ್ಜುಕಾಗದದಿಂದ ಸಮ ಮಾಡಿ ಎರಡು ಕೈ ವಾರ್ನಿಷ್ ಬಳಿದೆ, ಅಷ್ಟೇ ಕೆಲಸ.

ಅಲಗು ಒತ್ತುತ್ತಿದ್ದಾಗ ಅಮ್ಮನ ಕೈ ನೆನಪಾಯಿತು. ನಮ್ಮೂರ ಮನೆಯ ಮಣ್ಣಿನ ನೆಲದಲ್ಲಿ ಒನಕೆ ಬಿದ್ದು ಗುಂಡಿಯಾದರೆ ಅಮ್ಮ ಹಿತ್ತಿಲ ಮಣ್ಣನ್ನೇ ಕಲಸಿ ತುಂಬಿ, ಅಂಗೈಯಿಂದ ತಟ್ಟಿ, ಸಗಣಿ ಸಾರಿಸುತ್ತಿದ್ದಳು. ಸಂಜೆಗೆ ಗುಂಡಿ ಎಲ್ಲಿತ್ತೆಂದು ಅವಳಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬಂದ ರೆಡ್ ಆಕ್ಸೈಡ್ ನೆಲ ಎಷ್ಟು ಚೆಂದವಿದ್ದರೂ ಬಿರುಕು ಬಿಟ್ಟಮೇಲೆ ಬಿರುಕೇ. ಕಾರ್ಕ್ ಅಮ್ಮನ ನೆಲದ ಜಾತಿಯದು. ಬಿರಡೆ ಕೊರೆದು ಮಿಕ್ಕ ತೊಗಟೆಯನ್ನು ಪುಡಿ ಮಾಡಿ, ಅಂಟು ಬೆರೆಸಿ, ಒತ್ತಿ ಮಾಡಿದ ಬಿಲ್ಲೆಗಳೇ ಈ ನೆಲ. ನಾನು ಗುಳಿಯಲ್ಲಿ ಮಾಡಿದ್ದೂ ಅದನ್ನೇ, ಬೆರಳಗಲದಲ್ಲಿ.

ಆ ತೊಗಟೆ ಸುಮ್ಮನೆ ಸಿಗುವುದಲ್ಲ. ಜಗತ್ತಿನ ಕಾರ್ಕಿನಲ್ಲಿ ಹೆಚ್ಚುಕಡಿಮೆ ಅರ್ಧ ಪೋರ್ಚುಗಲ್ಲಿನದು. ಮರಕ್ಕೆ ಸುಮಾರು 25 ವರ್ಷ ತುಂಬಿದ ಮೇಲೆ ಮೊದಲ ಸುಲಿತ. ಆಮೇಲೆ 9 ವರ್ಷಕ್ಕೊಮ್ಮೆ. ಕೊಡಲಿಯ ಏಟು ಒಳಪದರಕ್ಕೆ ತಾಗಬಾರದು, ತಾಗಿದರೆ ಮರಕ್ಕೆ ಗಾಯ. ಸುಲಿದ ಕಾಂಡದ ಮೇಲೆ ಇಸವಿಯ ಕೊನೆಯ ಅಂಕಿ ಬರೆದಿಡುತ್ತಾರೆ, ಮುಂದಿನ ಸರದಿ ತಪ್ಪದಿರಲೆಂದು. ಮರ ನಿಂತೇ ಇರುತ್ತದೆ, ತೊಗಟೆ ಮತ್ತೆ ಬೆಳೆಯುತ್ತದೆ. ಇಷ್ಟು ಕಾದು ಬಂದ ವಸ್ತುವನ್ನು ಒಂದು ಗುಳಿಗಾಗಿ ಕಿತ್ತೆಸೆಯಲು ನನಗೆ ಮನಸ್ಸು ಬಾರದು.

ತೇಪೆ ಕಾಣುತ್ತದೆ. ವರ್ಷಗಳ ಬಿಸಿಲಿಗೆ ಸುತ್ತಲಿನ ನೆಲ ಬಣ್ಣ ಬಿಟ್ಟಿದೆ, ತುಂಬಿದ ಜಾಗ ಒಂದಿಷ್ಟು ಗಾಢ. ಆದರೆ ಕಣ್ಣು ಮುಚ್ಚಿ ಪಾದ ಸವರಿದರೆ ಅಂಚು ಸಿಗುವುದಿಲ್ಲ. ಸಿಂಕಿನ ಬಳಿ ನೀರು ಕುಡಿದು ಮೂಲೆ ಎದ್ದ ಬಿಲ್ಲೆಗೆ ಈ ಮದ್ದು ಸಾಲದು. ಅದನ್ನು ನಡುವಿನಿಂದ ಕತ್ತರಿಸಿ ತೆಗೆದು ಬೇರೆಯದನ್ನೇ ಕೂರಿಸಬೇಕು.

ನಿಮ್ಮ ಮನೆಯಲ್ಲೂ ಇಂಥ ನೆಲವಿದ್ದರೆ ಬಿರಡೆಗಳನ್ನು ಎಸೆಯಬೇಡಿ. ನಾಲ್ಕಾದರೂ ಒಂದು ಡಬ್ಬಿಯಲ್ಲಿರಲಿ.