ಗೌರಿಗೆ ನಂಬರು ಹೊಡೆದರೆ

ಸರ್ವರನ್ನು ಸಾಕುನಾಯಿಯ ಹಾಗೆ ಮುದ್ದು ಮಾಡಬೇಡಿ, ದನದ ಮಂದೆ ಅಂದುಕೊಳ್ಳಿ ಎಂಬ ಉಪದೇಶ ಸಾಫ್ಟ್‌ವೇರ್ ಮಂದಿಯಲ್ಲಿ ಬಹಳ ದಿನದಿಂದ ಚಾಲ್ತಿಯಲ್ಲಿದೆ. ಒಂದಕ್ಕೆ ಕಾಯಿಲೆ ಬಿತ್ತೋ, ಆರೈಕೆ ಬೇಡ, ಅದನ್ನು ಅಟ್ಟಿ ಇನ್ನೊಂದನ್ನು ಕಟ್ಟಿ. ಅಮೆರಿಕದ ರ‍್ಯಾಂಚಿನವರಿಗೆ ಇದು ಸರಿ. ನಮ್ಮ ಕೊಟ್ಟಿಗೆಯಲ್ಲಿರುವ ಎರಡಕ್ಕೂ ಗೌರಿ, ತುಂಗೆ ಎಂದು ಹೆಸರಿರುತ್ತದೆ. ಗೌರಿ ಮೇವು ಮುಟ್ಟದಿದ್ದರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ತಮಾಷೆಯೆಂದರೆ, ಈ ಮಾತನ್ನು ಮೊದಲು ಆಡಿದ ಮೈಕ್ರೋಸಾಫ್ಟಿನ ಬಿಲ್ ಬೇಕರ್ ಮಾತಾಡುತ್ತಿದ್ದದ್ದು ಡೇಟಾಬೇಸಿನ ಬಗ್ಗೆ. ನನ್ನ ಕೇಳಿದರೆ, ಮಂದೆಗೆ ಸೇರದೆ ಗೌರಿಯಾಗಿಯೇ ಉಳಿಯುವುದು ಆ ಡೇಟಾಬೇಸೇ.

ಮಂದೆಯ ಸರ್ವರುಗಳ ಸೆಟ್ಟಿಂಗನ್ನು ಕೈಯಾರೆ ತಿದ್ದುವ ಬದಲು ತಾನಾಗಿ ಹೊಂದಿಸುವ ಪ್ರೋಗ್ರಾಂಗಳಿವೆ. 1993ರಲ್ಲಿ ಆಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ಬರೆದರು. ಆಮೇಲೆ 2005ರಲ್ಲಿ ಪಪೆಟ್, 2009ರಲ್ಲಿ ಶೆಫ್, 2012ರಲ್ಲಿ ಆನ್ಸಿಬಲ್. (ಆ ಕೊನೆಯ ಹೆಸರು ಉರ್ಸುಲಾ ಲೆ ಗ್ವಿನ್ ಕಾದಂಬರಿಯಿಂದ ಬಂದದ್ದು, ನಕ್ಷತ್ರದಿಂದ ನಕ್ಷತ್ರಕ್ಕೆ ತಕ್ಷಣ ಸುದ್ದಿ ಮುಟ್ಟಿಸುವ ಯಂತ್ರವಂತೆ. ನಮ್ಮದು ಪಕ್ಕದ ರ‍್ಯಾಕಿಗೆ ಮುಟ್ಟಿಸಿದರೆ ಸಾಕು.) ಇವುಗಳಿಗೆ ಹೀಗೆ ಮಾಡು ಎನ್ನುವ ಬದಲು ಹೀಗಿರಬೇಕು ಎಂದು ಬರೆದಿಡುತ್ತೇವೆ. ಹತ್ತು ಸಲ ಓಡಿಸಿದರೂ ಫಲ ಒಂದೇ. ಪಪೆಟ್ ಅಂತೂ ಅರ್ಧ ಗಂಟೆಗೊಮ್ಮೆ ಬಂದು ನೋಡುತ್ತದೆ. ರಾತ್ರಿ ಒತ್ತಡ ಹೆಚ್ಚಿತೆಂದು ಯಾರೋ ಸೆಟ್ಟಿಂಗ್ ಫೈಲನ್ನು ಕೈಯಾರೆ ತಿದ್ದಿ ಮಲಗಿದರೆ, ಅವರಿಗೆ ನಿದ್ದೆ ಹತ್ತುವಷ್ಟರಲ್ಲಿ ಹಳೆಯದನ್ನೇ ಬರೆದಿಟ್ಟು ಹೋಗಿರುತ್ತದೆ. ಇಷ್ಟು ಕಟ್ಟುನಿಟ್ಟಿನ ಅತ್ತೆ ಹಳೆಯ ಸಿನಿಮಾದಲ್ಲೂ ಸಿಗಲಿಕ್ಕಿಲ್ಲ.

ತೊಡಕಿರುವುದು ಫೈಲು ಬದಲಾದ ಮೇಲೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಏಕಕಾಲದ ಸಂಪರ್ಕಗಳ ಮಿತಿ ಮಾಮೂಲಾಗಿ 100. ಅದನ್ನು ಏರಿಸಿದರೆ ರೀಸ್ಟಾರ್ಟ್ ಮಾಡಲೇಬೇಕು. ವೆಬ್ ಸರ್ವರಿಗೆ ಅದು ಒಂದು ಸೀನು ಬಂದು ಹೋದಷ್ಟು ಕೆಲಸ. ನಡುಹಗಲಲ್ಲಿ ಡೇಟಾಬೇಸ್ ರೀಸ್ಟಾರ್ಟ್ ಆದರೆ ಇದ್ದಬದ್ದ ಸಂಪರ್ಕವೆಲ್ಲ ಕಡಿದು, ಮೆಮೊರಿಯಲ್ಲಿ ಬೆಚ್ಚಗಿದ್ದದ್ದೆಲ್ಲ ಖಾಲಿ. ಅದಕ್ಕೇ ಅನುಭವಸ್ಥರು ಫೈಲು ಬರೆಯುವುದನ್ನು ಯಂತ್ರಕ್ಕೆ ಬಿಟ್ಟು ರೀಸ್ಟಾರ್ಟನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ.

ಬ್ಯಾಕಪ್ಪಿನದು ಇನ್ನೂ ದೊಡ್ಡ ಕಥೆ. 2017ರ ಜನವರಿ 31ರ ರಾತ್ರಿ ಕೋಡು ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿಬಿಟ್ಟರು. ಸುಮಾರು 300 ಜಿಬಿ. ದಿನವೂ ತಾನಾಗಿ ಓಡುವ ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅಲ್ಲಿ ಏನೂ ಇಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ನೇ ಆವೃತ್ತಿ, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2ರದ್ದು; ಒಂದಕ್ಕೊಂದು ಹೊಂದದೆ ಅದು ಪ್ರತಿದಿನ ಶ್ರದ್ಧೆಯಿಂದ ಸೋಲುತ್ತಿತ್ತು. ಸೋತೆನೆಂದು ಕಳಿಸಿದ ಇಮೇಲನ್ನೂ ಮೇಲ್ ಸರ್ವರ್ ತಿರಸ್ಕರಿಸಿತ್ತು. ಕೊನೆಗೆ ಕೈಗೆ ಸಿಕ್ಕಿದ್ದು, ಸುಮಾರು ಆರು ಗಂಟೆ ಮುಂಚೆ ಬೇರೇನೋ ಪರೀಕ್ಷೆಗೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ.