ನಡುಮನೆಯ ನೆಂಟಸ್ತನ

ಕೋಣೆಗೂ ಒಂದು ಮನಸ್ಸಿದೆ ಎಂದು ನಾನು ನಂಬಿದ್ದೇನೆ. ಈ ನಂಬಿಕೆಗೆ ವೇದಾಂತ ಕಾರಣವಲ್ಲ, ಮೈಗಳ್ಳತನ. ದಿವಾನವನ್ನು ಕಿಟಕಿಯತ್ತ ಸರಿಸಬೇಕೋ ಗೋಡೆಗೆ ಒತ್ತಬೇಕೋ ಎಂಬುದನ್ನು ಕೋಣೆಯೇ ಒಂದು ದಿನ ತಿಳಿಸುತ್ತದೆ ಎಂದುಕೊಂಡರೆ, ಅಲ್ಲಿಯವರೆಗೆ ದಿವಾನದ ಮೇಲೆ ಮಲಗಿರಬಹುದು.

ಒಳಾಂಗಣ ವಿನ್ಯಾಸ ಕಲಿತು ಬಂದಿರುವ ತಂಗಿಯ ಮಗಳಿಗೆ ಈ ಮಲಗುಸಿದ್ಧಾಂತ ಒಪ್ಪಿಗೆಯಿಲ್ಲ. “ಏನ್ ಮಾವ, ನಿಮ್ಮ ಹಾಲ್‌ನಲ್ಲಿ ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ!” ಅಂದಳು. “ನಮ್ಮ ನೆಂಟರಲ್ಲೂ ಇಲ್ಲ ಕಣಮ್ಮ. ಆದ್ರೂ ಮದುವೆ ಅಂದ್ರೆ ಒಂದೇ ಪಂಕ್ತೀಲಿ ಕೂತು ಉಣ್ತಾರೆ” ಅಂದೆ. ಅವಳು ನಗಲಿಲ್ಲ, ಟೇಪು ತೆಗೆದು ಗೋಡೆ ಅಳೆಯತೊಡಗಿದಳು.

ಅವಳ ದೂರಿನಲ್ಲಿ ಹುರುಳಿಲ್ಲದಿಲ್ಲ. ಷೋಕೇಸಿನೊಳಗೆ ಚನ್ನಪಟ್ಟಣದ ಅರಗುಬಣ್ಣದ ಗೊಂಬೆಗಳು. ಅವುಗಳ ಮಗ್ಗುಲಲ್ಲೇ ಗೀತೋಪದೇಶದ ರಥ. ಒಂದು ಕುದುರೆಯ ಕಿವಿ ಮುರಿದಿದೆ, ಉಪದೇಶ ಅದಕ್ಕೆ ಅರ್ಧವೇ ಕೇಳಿಸಿರಬೇಕು. ಕೆಳಗೆ ನವಲಗುಂದದ ಜಮಖಾನ. ಅಲ್ಲಿನ ಹೆಂಗಸರು ಮಗ್ಗದ ಮುಂದೆ ಕೂತು ನೇಯುವ ಈ ಹಾಸಿನಲ್ಲಿ ನವಿಲೂ ಉಂಟು, ಪಗಡೆಯ ಮನೆಗಳೂ ಉಂಟು. ಕೆಂಪು, ಹಳದಿ, ಹಸಿರು ಒಂದಕ್ಕೊಂದು ದಾರಿ ಬಿಡದೆ ನಿಂತಿವೆ.

ಇವನ್ನೆಲ್ಲ ಹೇಗೋ ಸಂಭಾಳಿಸಿಕೊಂಡು ಬಂದಿರುವುದು ನೆಲ, ಹಳೆಯ ಕೆಂಪು ನೆಲ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಗಾರೆಯವರು ಕುಕ್ಕರುಗಾಲಲ್ಲಿ ಕೂತು ಕರಣೆಯಿಂದ ತೀಡಿ ತೀಡಿ ನುಣುಪು ಬರಿಸಿದ್ದು. ಮಿಕ್ಕ ಪಾಲಿಶನ್ನು ಮನೆಮಂದಿಯ ಪಾದಗಳೇ ಮಾಡಿವೆ. ಅಡುಗೆಮನೆಯ ಹೊಸ್ತಿಲಿನಿಂದ ದೇವರ ಗೂಡಿನವರೆಗೆ ಫಳಫಳ ಹೊಳೆಯುವ ಕಾಲುದಾರಿ. ಬೀರುವಿನಡಿ ಮಾತ್ರ ಮಂಕು. ನಡುವೆ ಕೂದಲೆಳೆಯಷ್ಟು ಬಿರುಕೊಂದಿದೆ. ಚಿಕ್ಕಂದಿನಲ್ಲಿ ನಾವು ಅದನ್ನು ಕಾವೇರಿ ಎಂದು ಕರೆದು, ಅದರ ಉದ್ದಕ್ಕೂ ಕಾಗದದ ದೋಣಿ ನೂಕುತ್ತಿದ್ದೆವು.

ಬಣ್ಣಗಳ ಜಗಳ ಎಂದಾಗ ನನಗೆ ಶೆವ್ರಲ್ ನೆನಪಾಗುತ್ತಾನೆ. ಪ್ಯಾರಿಸ್ಸಿನ ಗೋಬಲೆನ್ ನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ. ನಿಮ್ಮ ಕಪ್ಪು ನೂಲು ಸಪ್ಪೆ ಎಂದು ದೂರು ಬಂತು. ಬೇರೆ ಕಡೆಯ ಕಪ್ಪಿನ ಜೊತೆ ಹಿಡಿದು ನೋಡಿದ; ನೂಲಿನಲ್ಲಿ ಐಬಿರಲಿಲ್ಲ. ಅದನ್ನು ಕಳೆಗುಂದಿಸುತ್ತಿದ್ದವು ಪಕ್ಕದ ನೀಲಿ, ನೇರಳೆಗಳು. ಇದರ ಎಳೆ ಹಿಡಿದು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ, 102 ವರ್ಷ ಬದುಕಿದ. ಕಪ್ಪನ್ನು ಬಯ್ಯುವ ಮೊದಲು ಅಕ್ಕಪಕ್ಕದವರನ್ನು ವಿಚಾರಿಸುವ ತಾಳ್ಮೆ ಉಳ್ಳವನಿಗೆ ಅಷ್ಟು ಆಯುಸ್ಸು ಸಲ್ಲತಕ್ಕದ್ದೇ.

ನಾನೂ ಗಿಳಿಹಸಿರು ದಿಂಬೊಂದನ್ನು ಜಮಖಾನದ ಕೆಂಪಿನ ಮೇಲಿಟ್ಟೆ. ಎರಡೂ ಕಿರುಚಿಕೊಂಡವು. ಗೋಣಿಬಣ್ಣದ ದಿವಾನಕ್ಕೆ ಎತ್ತಿಟ್ಟೆ. ಅದೇ ದಿಂಬು ಸಂಭಾವಿತನ ಹಾಗೆ ತೆಪ್ಪಗೆ ಕೂತಿತು. ಸಂಶೋಧನೆ ಮುಗಿಯಿತೆಂದು ಅದಕ್ಕೇ ತಲೆಕೊಟ್ಟು ಮಲಗಿದೆ.

ಸೊಸೆಮುದ್ದು ತನ್ನ ಮೊಬೈಲಿನಲ್ಲಿ ಮಾದರಿ ಮನೆಗಳನ್ನು ತೋರಿಸಿದಳು. ಸರ್ವಂ ಬೂದಿಮಯಂ. ಸೋಫಾ ಬೂದಿ, ಗೋಡೆ ಬೂದಿ, ಹೂದಾನಿಯ ಒಣಕಡ್ಡಿ ಸಹ ಬೂದಿ. ಯಾವುದಕ್ಕೂ ಯಾವುದರ ಮೇಲೂ ತಕರಾರಿಲ್ಲ, ಮಾತೂ ಇಲ್ಲ. ಅಂಥ ಕೋಣೆಯಲ್ಲಿ ಚಕ್ಕುಲಿ ಕಡಿಯುವ ಧೈರ್ಯ ನನಗಂತೂ ಬಾರದು.

ಆದರೂ ಅವಳ ವಿದ್ಯೆಗೆ ಕೈಮುಗಿಯಬೇಕು. ಬಿಳಿ ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಮೊಳಕಾಲೆತ್ತರಕ್ಕೆ ಹಳದಿ ದೀಪವೊಂದನ್ನು ಇಟ್ಟಳು, ಅಷ್ಟೇ. ಜಮಖಾನದ ಕೆಂಪು ನೆಲದ ಕೆಂಪಿಗೆ ಇಳಿಯಿತು. ಕಿವಿ ಹೋದ ಕುದುರೆಗೆ ಗೋಡೆಯ ಮೇಲೆ ರಾಜಠೀವಿಯ ನೆರಳು ಬಂತು. ಕೊನೆಗೆ ರಥಕ್ಕೂ ಗೊಂಬೆಗಳಿಗೂ ಕ್ಷಮಾದಾನ ಸಿಕ್ಕಿತು. ನನ್ನ ನೀಲಿ ಪ್ಲಾಸ್ಟಿಕ್ ಕುರ್ಚಿಗೆ ಮಾತ್ರ ಹಿತ್ತಿಲಿಗೆ ಗಡೀಪಾರು ಎಂದು ತೀರ್ಪಾಗಿದೆ. ಇದನ್ನು ಬರೆಯುತ್ತಿರುವುದು ಅದರ ಮೇಲೆ ಕೂತೇ. ಕಾಫಿಗೆ ಕರೆಯುತ್ತಿದ್ದಾರೆ, ಆದರೆ ನಾನು ಏಳುವ ಹಾಗಿಲ್ಲ.