ಬಣ್ಣದ ಗುಳ್ಳೆಗಳು

ಜಪಾನಿನ ಟೈಟೊ ಸಂಸ್ಥೆಯು 1994ರಲ್ಲಿ ಆಟದಂಗಡಿಗಳಿಗಾಗಿ ‘ಪಜಲ್ ಬಾಬಲ್’ ಎಂಬ ಯಂತ್ರದಾಟವನ್ನು ಹೊರತಂದಿತು. ತೆರೆಯ ಮೇಲ್ಭಾಗದಲ್ಲಿ ಬಣ್ಣಬಣ್ಣದ ಗುಳ್ಳೆಗಳು ತೂಗುತ್ತಿರುತ್ತವೆ; ಕೆಳಗಿನಿಂದ ಪುಟ್ಟ ಡ್ರ್ಯಾಗನ್ ಒಂದೊಂದಾಗಿ ಗುಳ್ಳೆಗಳನ್ನು ಹಾರಿಸುತ್ತದೆ. ಒಂದೇ ಬಣ್ಣದ ಮೂರು ಕೂಡಿದರೆ ಒಡೆದುಹೋಗುತ್ತವೆ. ಆದರೆ ಮೂರು ಮೂರನ್ನೇ ಒಡೆಯುತ್ತ ಕೂರುವವನು ಅರ್ಧ ಆಟವನ್ನಷ್ಟೇ ಬಲ್ಲವನು. ಮೇಲಿನ ಆಧಾರವನ್ನು ಕಡಿದರೆ ಅದಕ್ಕೆ ಜೋತುಬಿದ್ದವೆಲ್ಲ, ಬಣ್ಣ ಯಾವುದೇ ಇರಲಿ, ತಾವಾಗಿ ಉದುರುತ್ತವೆ. ನೇರ ದಾರಿಯಿಲ್ಲದಾಗ ಗುಳ್ಳೆಯನ್ನು ಪಕ್ಕದ ಗೋಡೆಗೆ ಬಡಿದು ಪುಟಿಸಬೇಕು. ಕೇರಂ ಆಡಿದ ಕೈಗೆ ಇದು ಹೊಸದಲ್ಲ. ಇಷ್ಟರಲ್ಲಿ ಛಾವಣಿಯೇ ಇಳಿಯತೊಡಗುತ್ತದೆ. ನಾಣ್ಯ ಹಾಕಿ ನಿಂತವನು ಬೇಗ ಸೋಲದಿದ್ದರೆ ಅಂಗಡಿಗೆ ಲಾಭವೆಲ್ಲಿ?

1995ರಲ್ಲಿ ಸೂಪರ್ ಫ್ಯಾಮಿಕಾಂ ಯಂತ್ರದ ಮೂಲಕ ಆಟವು ಮನೆಗೆ ಬಂದಿತು. ಅಲ್ಲಿ ನಾಣ್ಯವಿಲ್ಲ, ಕಾಯುವ ಸಾಲಿಲ್ಲ. ಆದರೂ ಛಾವಣಿ ಇಳಿಯುವುದು ನಿಲ್ಲಲಿಲ್ಲ. ಇಬ್ಬರು ಎದುರಾಳಿಗಳಾಗಿ ಆಡುವಾಗಲಂತೂ ಅಣ್ಣನು ಉದುರಿಸಿದ ಗುಳ್ಳೆಗಳು ತಂಗಿಯ ಪಾಲಿನ ಅಂಕಣಕ್ಕೆ ಹೋಗಿ ಅಂಟಿಕೊಳ್ಳುತ್ತವೆ.